ಕೇಳಿಸದಷ್ಟು ದೂರ

ಜೈಲಿನವರು ಆ ವಕೀಲೆಗೆ ಇಟ್ಟ ಅಡ್ಡಹೆಸರು ‘ಉಡ’. ಹಿಡಿದರೆ ಬಿಡುವವಳಲ್ಲ ಎಂದು. ಹೆಸರು ಅವಳ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ.

ಅವಳಪ್ಪ ಅದೇ ಜೈಲಿನಲ್ಲಿ ಕಾವಲುಗಾರನಾಗಿ ನಿವೃತ್ತನಾದವನು. ಮಗಳು ಕೈದಿಗಳ ಪರ ವಕಾಲತ್ತು ಹಾಕತೊಡಗಿದಂದಿನಿಂದ ಊಟಕ್ಕೆ ಕೂತಾಗಲೆಲ್ಲ ಒಂದೇ ರಾಗ.

“ಜೈಲಿನ ಉಪ್ಪು ತಿಂದು ಬೆಳೆದವಳು, ಅದರ ಮೇಲೇ ಕೇಸ್ ಹಾಕ್ತೀಯಲ್ಲೇ?”

“ಉಪ್ಪಿನ ಋಣ ಇದೆಯಲ್ಲಪ್ಪ, ತೀರಿಸ್ತಿದೀನಿ.”

ಈ ಸಲದ ಕಕ್ಷಿದಾರ ಒಬ್ಬ ವೆಲ್ಡರ್. ಕಾರ್ಖಾನೆಯ ಮುಷ್ಕರದ ಗಲಾಟೆಯಲ್ಲಿ ಸಿಕ್ಕಿಬಿದ್ದು, ವಿಚಾರಣೆ ಶುರುವಾಗದೆ ಒಳಗೆ ಕೊಳೆಯುತ್ತಿದ್ದ. ಊಟದಲ್ಲಿ ಹುಳ ಸಿಕ್ಕಿತೆಂದು ಜೊತೆಯವರನ್ನೂ ಸೇರಿಸಿಕೊಂಡು ತಟ್ಟೆ ಮುಟ್ಟದೆ ಕೂತನಂತೆ. ಆಮೇಲೆ ಅವನ ಸುದ್ದಿಯೇ ಇಲ್ಲವೆಂದು ಹೆಂಡತಿ ವಕೀಲೆಯ ಹತ್ತಿರ ಓಡಿಬಂದಿದ್ದಳು.

ಭೇಟಿಯ ಕೋಣೆಯಲ್ಲಿ ನಡುವೆ ಕಬ್ಬಿಣದ ಜಾಲರಿ, ಆಚೀಚೆ ಒಂದೊಂದು ಸ್ಟೂಲು, ಮೇಲೆ ಕರಕರ ಎನ್ನುವ ಫ್ಯಾನು. ವೆಲ್ಡರ್ ಕುಂಟುತ್ತ ಬಂದು ಕೂತ. ಅವನ ಬೆನ್ನಿಗೇ ಕಾವಲಿನ ಜಮಾದಾರ ನಿಂತ.

“ಸ್ವಲ್ಪ ದೂರ ಹೋಗಿ,” ಎಂದಳು ವಕೀಲೆ. “ನೀವು ನಮ್ಮನ್ನ ನೋಡಬಹುದು, ಮಾತು ಕೇಳಿಸ್ಕೊಳ್ಳೋ ಹಾಗಿಲ್ಲ. ನಿಯಮ ಇದೆ.”

“ಸಾಹೇಬ್ರು ಇಲ್ಲೇ ನಿಲ್ಲು ಅಂದಿದಾರೆ ಮೇಡಂ.”

“ಹಾಗಾದ್ರೆ ನಾವು ಮಾತಾಡಲ್ಲ.”

ಹೊತ್ತು ಮುಗಿಯುವವರೆಗೂ ಇಬ್ಬರೂ ತುಟಿ ಪಿಟಿಕ್ಕೆನ್ನಲಿಲ್ಲ. ಮರುದಿನವೂ ಅಷ್ಟೇ. ಅದರ ಮರುದಿನ ಜಮಾದಾರನಿಗೇ ಮುಳ್ಳಿನ ಮೇಲೆ ನಿಂತಂತಾಯಿತು.

“ಏನಾದ್ರೂ ಮಾತಾಡಿ ಮೇಡಂ. ಬಿಸಿಲು ಜಾಸ್ತಿ ಅಂತಾದ್ರೂ ಹೇಳಿ.”

“ನಿಮ್ಮ ಜೊತೆ ಬೇಕಾದ್ರೆ ಮಾತಾಡ್ತೀನಿ. ಇವರ ಕಾಲಿಗೇನಾಯ್ತು?”

“ಬಚ್ಚಲಲ್ಲಿ ಜಾರಿ ಬಿದ್ದ.”

ವೆಲ್ಡರ್ ಚಪ್ಪಲಿ ಕಳಚಿ, ಕಾಲೆತ್ತಿ, ಜಾಲರಿಗೆ ಒತ್ತಿ ಹಿಡಿದ. ಅಂಗಾಲು ನೇರಳೆಗಟ್ಟಿ ಬಾತುಕೊಂಡಿತ್ತು. ಜಮಾದಾರ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ಮಧ್ಯಾಹ್ನವೇ ಅವಳು ನ್ಯಾಯಾಲಯದಲ್ಲಿದ್ದಳು. ಜೈಲಿನ ಪರ ವಕೀಲರು ಬಚ್ಚಲಿನ ಕಥೆ ಒಪ್ಪಿಸಿದರು.

“ಜಾರಿ ಬಿದ್ದವನ ಅಂಗಾಲಿಗೆ ಏಟು ಬೀಳ್ಬೇಕಾದ್ರೆ ಬಚ್ಚಲೇ ಎದ್ದು ಬಂದು ಹೊಡೆದಿರ್ಬೇಕು ಸ್ವಾಮಿ. ಅವನನ್ನೇ ಕರೆಸಿ ನೋಡಿ,” ಎಂದಳು ಅವಳು.

ಹಿಂದಿನ ಬೆಂಚಿನವರು ನಕ್ಕರು, ನ್ಯಾಯಾಧೀಶರು ನಗಲಿಲ್ಲ. ಅವತ್ತೇ ವೆಲ್ಡರನನ್ನು ಕರೆಸಿ, ಕಾಲು ನೋಡಿ, ಹೊರಗಿನ ಆಸ್ಪತ್ರೆಗೆ ಕಳಿಸಿದರು. ತನಿಖೆಗೆ ಆದೇಶಿಸಿದರು. ಇನ್ನು ಮುಂದೆ ಕಾವಲಿನವನು ಬಾಗಿಲಾಚೆ ನಿಲ್ಲಬೇಕೆಂದೂ ಹೇಳಿದರು.

ಇಲಾಖೆ ಮಾಡಿದ್ದು ಇಷ್ಟೇ: ಜೈಲಿನ ಸಾಹೇಬರನ್ನು ಬೇರೊಂದು ಜೈಲಿಗೆ ಕಳಿಸಿತು. ಹೊರಡುವ ಮುನ್ನ ಆತ ಕೋರ್ಟಿನ ಮೆಟ್ಟಿಲ ಮೇಲೆ ಅವಳನ್ನು ತಡೆದ.

“ನನ್ನನ್ನ ಎತ್ತಂಗಡಿ ಮಾಡಿಸಿದ್ರಿ. ಸಮಾಧಾನ ಆಯ್ತಾ?”

“ಇಲ್ಲ. ಅಲ್ಲಿನ ಕೈದಿಗಳಿಗೂ ಅಂಗಾಲು ಇರುತ್ತೆ. ಎತ್ತಂಗಡಿ ಸಾಲದು ಅಂತ ನಿನ್ನೆಯೇ ಅರ್ಜಿ ಹಾಕಿದೀನಿ.”

ಆ ಅರ್ಜಿಯ ವಿಷಯ ಕೇಳಿ ಅಪ್ಪ ಈ ಸಲ ಉಪ್ಪಿನ ರಾಗ ತೆಗೆಯಲಿಲ್ಲ.

“ಜಮಾದಾರ ನನ್ನ ಕೈಕೆಳಗೆ ಇದ್ದವನು. ಸಾಕ್ಷಿ ಹೇಳು ಅಂತ ನಾನೊಂದು ಮಾತು ಹೇಳ್ಲಾ?”

“ಬೇಡಪ್ಪ. ಹೇಳಿಕೊಟ್ಟ ಸಾಕ್ಷಿ ನನಗೆ ಬೇಡ. ಹೇಳಿದ್ರೆ ಅವನಾಗೇ ಹೇಳ್ಲಿ.”

ಜಮಾದಾರ ಬಂದ. ಕಟಕಟೆಯಲ್ಲಿ ನಿಂತು, ಸಾಹೇಬರ ಕಡೆ ನೋಡದೆ, ಕಣ್ಣಾರೆ ಕಂಡದ್ದನ್ನೆಲ್ಲ ಹೇಳಿದ. ಸಾಹೇಬರ ಕೆಲಸ ಹೋಯಿತು. ವೆಲ್ಡರನಿಗೆ ಜಾಮೀನು ಸಿಕ್ಕಿತು. ಮುಷ್ಕರದ ಕೇಸು ಇನ್ನೂ ನಡೆಯುತ್ತಿದೆ; ಕಾರ್ಖಾನೆಯವರು ರಾಜಿಗೆ ಕರೆದರೆ ವಕೀಲೆ ಒಪ್ಪುತ್ತಿಲ್ಲ.