ಒಂದು ಚಾಕು, ನಾಲ್ಕು ಕೈ

ಆ ಭಾನುವಾರ ಚಳ್ಳಕೆರೆ ಸಂತೆಯಲ್ಲಿ ಓಬಳಪ್ಪ ಒಂದು ಚಾಕುವಿಗಾಗಿ ಅರ್ಧ ದಿನ ಕಳೆದ. ಈರುಳ್ಳಿ, ಮೆಣಸಿನಕಾಯಿ ತುಂಬಿದ ಚೀಲ ಹಿಡಿದು ಅವನ ಹೆಂಡತಿ ಕ್ಯಾತಮ್ಮ ಹಿಂದೆ ನಿಂತಿದ್ದಳು. ನಿಂತು ನಿಂತು ಕಾಲು ಬದಲಿಸುತ್ತಿದ್ದಳು.

ಬುಡೇನ್ ಸಾಬರದು ಅಂಥ ದೊಡ್ಡ ಅಂಗಡಿಯೇನಲ್ಲ. ಗಲ್ಲಿಯ ತುದಿಯಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರ ಮುಂದೆ ಹಾಸಿದ ಗೋಣಿಚೀಲ. ಚೀಲದ ಮೇಲೆ ಕುಡುಗೋಲು, ಕತ್ತರಿ, ಮಡಚುವ ಚಾಕುಗಳು.

ಓಬಳಪ್ಪನ ಹಳೆಯ ಚಾಕು ಮಾವ ಕೊಟ್ಟದ್ದು. ಕ್ಯಾತಮ್ಮನ ತವರು ಮೊಳಕಾಲ್ಮುರಿನ ಆಚೆ, ಆಂಧ್ರಕ್ಕೆ ಅಂಟಿಕೊಂಡ ಊರು. ಮದುವೆಯಲ್ಲಿ ಅಳಿಯನಿಗೆ ಉಂಗುರ ತೊಡಿಸಲಾಗದೆ ಅವಳಪ್ಪ ಹೊಸ ಟವೆಲ್ಲಿನ ಮೇಲೆ ಒಂದು ಚಾಕು ಇಟ್ಟು ಮುಂದೆ ಸರಿಸಿದ್ದ. ಅದನ್ನು ಓಬಳಪ್ಪ ಮಸೆದು ಮಸೆದು ಅಲಗು ಬೇವಿನೆಲೆಯಷ್ಟಾಗಿತ್ತು. ಆ ವಾರ ಕುರಿಯ ಗೊರಸು ಕೆತ್ತುವಾಗ ಅದು ಮುರಿದೇ ಹೋಯಿತು.

"ಇದು ತಗಾ ಓಬಳಪ್ಪಾ. ಸ್ಟೀಲು. ಹೆಂಗೆ ಫಳಫಳ ಅಂತೈತೆ ನೋಡು. ತುಕ್ಕು ಹಿಡಿಯಂಗಿಲ್ಲ," ಎಂದರು ಸಾಬರು.

"ತುಕ್ಕೂ ಹಿಡಿಯಂಗಿಲ್ಲ, ಮಸೆದ್ರೆ ಹರಿತಾನೂ ಆಗಂಗಿಲ್ಲ. ಕುರಿ ಮೇಯ್ಸೋ ಕಾವಲ್ನಾಗೆ ನಂಗೆ ಸಾಣೆ ಮಿಷನ್ ಎಲ್ಲೈತೆ ಸಾಬ್ರೇ? ಒಂದು ಕಲ್ಲು, ಒಂದಿಷ್ಟು ಉಗುಳು, ಅಷ್ಟೇ."

ಅವನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈ ಹೆಬ್ಬೆರಳೊಂದರಿಂದಲೇ ಅಲಗು ತೆರೆದು ನೋಡುತ್ತಿದ್ದ. ಎಡಗೈಯಲ್ಲಿ ಯಾವಾಗಲೂ ಕುರಿ ಇರುತ್ತದಲ್ಲ. ತೆರೆದ ಅಲಗು ಅಲುಗಿದರೆ ಅದನ್ನು ಬಿಟ್ಟ. ಹಿಡಿಗೆ ನೀರು ಸವರಿ ಹಿಂಡಿದ, ಜಾರಿದರೆ ಬಿಟ್ಟ. ಚಡ್ಡಿ ಜೇಬಿಗೆ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು ಎದ್ದ, ತೊಡೆಗೆ ಒತ್ತಿದರೆ ಅದನ್ನೂ ಬಿಟ್ಟ.

"ನನ್ನ ತರುವಾಗ ಇಷ್ಟು ನೋಡಲಿಲ್ಲ ನೀನು," ಎಂದಳು ಕ್ಯಾತಮ್ಮ.

"ನಿನ್ನ ನೋಡಿದ್ದು ನಮ್ಮಪ್ಪ. ನಂಗೆ ಬಿಟ್ಟಿದ್ರೆ ಇನ್ನೂ ನೋಡ್ತಾನೇ ಇರ್ತಿದ್ದೆ."

"ಚಾಲಯ್ಯಾ, ಸಾಕು!" ಸಿಟ್ಟು ಬಂದರೆ ಅವಳಿಗೆ ತವರಿನ ತೆಲುಗು ಬಾಯಿಗೆ ಬರುತ್ತಿತ್ತು. ಸಾಬರು ಗಡ್ಡ ಹಿಡಿದುಕೊಂಡು ನಕ್ಕರು.

ಕೊನೆಗೆ ಕೆಲವೇ ಚಾಕು ಉಳಿದವು. ಅವನ್ನು ಒಂದೊಂದಾಗಿ ಅವಳ ಮುಂದೆ ಗೋಣಿಯ ಮೇಲೆ ಇಟ್ಟ. ಅವರ ಹಟ್ಟಿಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರೂ ತಗೊಂಡವರೂ ಅಗಲುತ್ತಾರೆ ಎನ್ನುತ್ತಾರೆ. ನೆಲಕ್ಕೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

"ತೆಗಿ ನೋಡಾನ. ಒಂದೇ ಕೈಯಾಗೆ."

"ನಾನ್ಯಾಕೆ? ಕುರಿ ಹಿಂದೆ ಹೋಗಾನು ನೀನು."

"ಮನ್ಯಾಗೆ ಚಾಕು ಒಂದೇ, ಕೈ ನಾಲ್ಕು. ತೆಗಿ."

ಅವಳ ಹೆಬ್ಬೆರಳಿಗೆ ಬಗ್ಗದವನ್ನು ಅವನು ಸಾಬರ ಕಡೆ ತಳ್ಳಿದ. ಉಳಿದದ್ದು ಕಪ್ಪು ಕಬ್ಬಿಣದ ಅಲಗು, ಮರದ ಹಿಡಿ.

"ನನ್ನಂಗಡೀಲೇ ಕುರೂಪಿ ಇದು," ಎಂದರು ಸಾಬರು.

"ನನ್ನಂಗೈತೆ, ಬಿಡ್ರಿ."

ಬಸ್ಸಿನಲ್ಲಿ ಅವನು ಹೊಸ ಚಾಕುವಿನಿಂದ ಒಂದು ಸೀಬೆಹಣ್ಣು ಕೊಯ್ದ. ದೊಡ್ಡ ಹೋಳು ಅವಳಿಗೆ ಕೊಟ್ಟ. ಉಪ್ಪಿದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳು ಗೊಣಗಿದಳು. ಆ ದಿನ ಅಷ್ಟೇ.

ಮಾರನೇ ದಿನ ಕಾವಲಿನಲ್ಲಿ ಎದೆ ಉರಿ ಎಂದು ಜಾಲಿ ಮರದ ಕೆಳಗೆ ಕೂತವನು ಏಳಲಿಲ್ಲ. ದೊಡ್ಡಉಳ್ಳಾರ್ತಿಯಿಂದ ಆಟೋ ತಂದು ಹಾಕಿಕೊಂಡು ಹೋದರು. ಚಳ್ಳಕೆರೆ ಮುಟ್ಟುವ ಮೊದಲೇ ಮುಗಿದಿತ್ತು. ಆಸ್ಪತ್ರೆಯ ನರ್ಸಮ್ಮ ಅವನ ಟವೆಲ್ಲು, ಎಲೆಅಡಿಕೆ ಸಂಚಿ, ಚಾಕು ಮೂರನ್ನೂ ತಂದು ಕ್ಯಾತಮ್ಮನ ಅಂಗೈಗೆ ಹಾಕಿದಳು. ಆ ಹುಡುಗಿಗೆ ಏನು ಗೊತ್ತು. ಕ್ಯಾತಮ್ಮ ಬೆರಳು ಮಡಚಿಕೊಂಡಳು.

ಮಣ್ಣು ಮಾಡುವಾಗ ಓಬಳಪ್ಪನ ಅಣ್ಣ ದೊಡ್ಡಪಾಲಯ್ಯ, "ಚಾಕು ಅವನ ಜೊತೆಗೇ ಹೋಗ್ಲಿ ಕಣಮ್ಮ. ಅವನ ವಸ್ತು," ಎಂದ.

"ಬ್ಯಾಡ ಭಾವ. ಒಂದು ಸೀಬೆಹಣ್ಣು ಬಿಟ್ರೆ ಅದ್ರಾಗೆ ಅವ್ನು ಏನೂ ಕೊಯ್ದಿಲ್ಲ. ಮಣ್ಣಾಗೆ ಹಾಕಾಕೆ ಅರ್ಧ ದಿನ ನಿಲ್ಲಿಸಿದ್ನಾ ನನ್ನ?"

ದೊಡ್ಡಪಾಲಯ್ಯ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ.

ತಿಥಿ ಮುಗಿದ ಮೇಲೆ ಭಾವ ಕುರಿಯ ಮಾತು ತೆಗೆದ. "ಹೆಂಗ್ಸು ಒಬ್ಳೇ ಕಾವಲಿಗೆ ಹೋಗ್ತೀಯಾ? ಮಾರಿಬಿಡಾನ. ನಮ್ಮನ್ಯಾಗೆ ನಿಂಗೊಂದು ತಟ್ಟೆ ಹೆಚ್ಚಲ್ಲ."

ಅವನು ಕೆಟ್ಟವನಲ್ಲ. ತಮ್ಮನನ್ನು ಎತ್ತಿ ಆಡಿಸಿದವನು. ಆದರೆ ಕ್ಯಾತಮ್ಮನಿಗೆ ಇನ್ನೊಬ್ಬರ ಮನೆಯ ತಟ್ಟೆಯಾಗುವುದು ಬೇಕಿರಲಿಲ್ಲ. ಆ ಕುರಿಗಳು ಓಬಳಪ್ಪನ ಸಿಳ್ಳೆಗೆ ತಲೆ ಎತ್ತುತ್ತಿದ್ದವು. ಅವು ಹೋದರೆ ಅವನು ಬದುಕಿದ್ದ ಎನ್ನಲು ಏನು ಉಳಿಯುತ್ತದೆ?

"ದೀಪಾವಳಿ ತನಕ ಸುಮ್ನಿರ್ರಿ ಭಾವ. ನನ್ನ ಕೈಲಿ ಆಗ್ದಿದ್ರೆ ನೀವಂದಂಗೆ."

ಅವಳು ಕಂಬಳಿ ಹೊದ್ದು ಕುರಿಯ ಹಿಂದೆ ನಡೆದಳು. ಸಿಳ್ಳೆ ಬರಲಿಲ್ಲ, ನಾಲಗೆ ಲೊಟಗುಟ್ಟಿಸಿದಳು. ಕುರಿಗಳು ಮೊದಮೊದಲು ಕೇಳಲಿಲ್ಲ, ಆಮೇಲೆ ಕೇಳಿದವು. ಚಾಕು ಗೂಡಿನಲ್ಲಿ ದೀಪದ ಪಕ್ಕ ಇರುತ್ತಿತ್ತು. ಬೆಳಿಗ್ಗೆ ದೀಪಕ್ಕೆ ಕಡ್ಲೆಕಾಯಿ ಎಣ್ಣೆ ಹಾಕುವಾಗ ಅದರ ಕೀಲಿಗೂ ಎರಡು ಹನಿ ಬಿಟ್ಟು, ಸೆರಗಿನಲ್ಲಿ ಒರೆಸಿ ಸಂಚಿಗೆ ಹಾಕಿಕೊಳ್ಳುತ್ತಿದ್ದಳು. ತೆರೆಯುತ್ತಿರಲಿಲ್ಲ. ಅಲಗಿನ ಮೇಲೆ ಸೀಬೆಹಣ್ಣಿನ ಕಲೆ ಇತ್ತು. ತೆರೆದರೆ ಕಾಣುತ್ತದೆ.

ಒಂದು ದಿನ ಕಾವಲಿನ ಅಂಚಿನ ಕಡ್ಲೆಕಾಯಿ ಹೊಲದ ಸುತ್ತ ಹಂದಿ ಬರದ ಹಾಗೆ ಕಟ್ಟಿದ್ದ ನೈಲಾನ್ ಬಲೆಗೆ ಒಂದು ಮರಿ ಕತ್ತು ಕೊಟ್ಟಿತು. ಒದ್ದಾಡಿದಷ್ಟೂ ಬಿಗಿಯಿತು. ನಾಲಗೆ ಹೊರಗೆ ಬಂತು. ಕ್ಯಾತಮ್ಮ ಎಡಗೈಯಲ್ಲಿ ಮರಿಯನ್ನು ಎತ್ತಿ ಹಿಡಿದು ಬಲಗೈಯಲ್ಲಿ ಚಾಕು ತೆಗೆದಳು. ಅಲಗು ಬರಲಿಲ್ಲ. ಉಗುರು ಮುರಿಯಿತು, ಅಲಗು ಬರಲಿಲ್ಲ. ಚಾಕು ಬಿಸಾಡಿ ಬಲೆಗೆ ಬಾಯಿ ಹಾಕಿದಳು. ಬಲೆ ಹರಿಯಿತು, ಮುಂದಿನ ಒಂದು ಹಲ್ಲೂ ಅರ್ಧಕ್ಕೆ ಮುರಿಯಿತು. ಮರಿ ಎದ್ದು ನಿಂತು ಕೆಮ್ಮಿ, ತಾಯಿಯ ಹತ್ತಿರ ಓಡಿತು.

ಸಂಜೆ ಅವಳ ಬಾಯಿಯ ರಕ್ತ ನೋಡಿ ಭಾವ ಜಗುಲಿಯ ಮೇಲೆ ಕುಸಿದು ಕೂತ.

"ಸಾಕಮ್ಮ. ಇವತ್ತು ಹಲ್ಲು, ನಾಳೆ ಇನ್ನೇನೋ. ಪಾಲಾಕ್ಷಂಗೆ ಹೇಳ್ತೀನಿ, ಸೋಮವಾರ ಬಂದು ಕುರಿ ನೋಡ್ಲಿ."

ಪಾಲಾಕ್ಷ ಕುರಿ ವ್ಯಾಪಾರಿ. ಅವನು ನೋಡಿದ ಮೇಲೆ ಕುರಿ ಉಳಿಯುವುದಿಲ್ಲ. ಕ್ಯಾತಮ್ಮ ಒಳಗೆ ಹೋಗಿ ಬಾಯಿ ಮುಕ್ಕಳಿಸಿದಳು. ಭಾನುವಾರ ಚಾಕು ತಗೊಂಡು ಚಳ್ಳಕೆರೆ ಬಸ್ಸು ಹತ್ತಿದಳು.

ಚಾಕುವನ್ನು ಗೋಣಿಯ ಮೇಲಿಟ್ಟಳು. ಬುಡೇನ್ ಸಾಬರು ಮೊದಲು ಚಾಕುವನ್ನು ಗುರುತು ಹಿಡಿದರು, ಆಮೇಲೆ ಅವಳ ಬರಿ ಹಣೆ ನೋಡಿದರು. ಚಾಕು ಎತ್ತಿ ಕೀಲು ಮೂಸಿ, "ಕೀಲಿಗೆ ಏನು ಬಿಟ್ರಿ ಅಮ್ಮಾ?" ಎಂದರು.

"ಕಡ್ಲೆಕಾಯಿ ಎಣ್ಣೆ. ಒಳ್ಳೇದೇ, ಗಾಣದ್ದು. ದಿನಾ."

"ಈ ಊರೇ ಹಂಗೆ. ಎಣ್ಣೆ ಮಿಲ್ಲಿನ ಊರು ನೋಡ್ರಿ, ತಲೆಗೂ ಅದೇ, ಬಾಗಿಲಿಗೂ ಅದೇ. ತಿನ್ನೋ ಎಣ್ಣೆ ಕಬ್ಬಿಣದಾಗೆ ಒಣಗಿದ್ರೆ ಗೋಂದು."

"ನಾನು ಚೆನ್ನಾಗಿರ್ಲಿ ಅಂತ ಹಾಕ್ದೆ."

"ಗೊತ್ತಾಯ್ತಮ್ಮ."

ಸೀಮೆಎಣ್ಣೆಯಲ್ಲಿ ನೆನೆಸಿಟ್ಟರು. ಅಂಟು ಬಿಡುವವರೆಗೆ, ಹಿಡಿಗೆ ಬಣ್ಣದ ಪ್ಲಾಸ್ಟಿಕ್ ಹಾಕಿದ ಒಂದು ಚಿಕ್ಕ ಚಾಕು ಮುಂದಿಟ್ಟರು. "ಇದು ಹೆಂಗಸ್ರ ಕೈಗೆ ಹಗುರ ಐತೆ. ನೋಡ್ರಿ."

ಕ್ಯಾತಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ತೆರೆದಳು. ಅಲಗು ಅಲುಗಿತು, ಪಕ್ಕಕ್ಕಿಟ್ಟಳು. ಇನ್ನೊಂದು ಎತ್ತಿದಳು. ಹಿಡಿಗೆ ನೀರು ಸವರಿ ಹಿಂಡಿದಳು. ಜಾರಿತು. ಮತ್ತೊಂದು.

"ಅಲ್ಲಾ, ಮತ್ತೆ ಶುರುವಾಯ್ತಾ!" ಎಂದರು ಸಾಬರು. "ನಿಮ್ಮ ಯಜಮಾನ್ರ ಮೇಲೆ ಅವತ್ತು ನಂಗೆ ಎಂಥಾ ಸಿಟ್ಟು ಬಂದಿತ್ತು ಗೊತ್ತಾ? ಒಳ್ಳೊಳ್ಳೇ ಮಾಲು. ಅವ್ಳ ಕೈಗೆ ಬರಲ್ಲ, ಅವ್ಳ ಕೈಗೆ ಬರಲ್ಲ ಅಂತ ಎಲ್ಲಾ ವಾಪಸ್ ತಳ್ಳಿದ್ರು."

ಅವಳು ಬಗ್ಗಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಸೀಮೆಎಣ್ಣೆಯಲ್ಲಿದ್ದ ಚಾಕು ಎತ್ತಿ ಒರೆಸಿ ಹೆಬ್ಬೆರಳು ಒತ್ತಿದಳು. ಅಲಗು ಟಕ್ಕೆಂದು ಬಂತು. ಸೀಬೆಹಣ್ಣಿನ ಕಲೆ ಅಲ್ಲೇ ಇತ್ತು.

"ಇದೇ ಸಾಕು," ಎಂದಳು.

ಸಾಬರು ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆಯ ಪುಟ್ಟ ಶೀಶೆ ಕೊಟ್ಟರು. "ದಿನಾ ತೆಗೆದು ಮುಚ್ರಿ. ಮಸೀರಿ. ಪೂಜೆ ಮಾಡ್ಬ್ಯಾಡ್ರಿ."

ಸೋಮವಾರ ಪಾಲಾಕ್ಷ ಬಂದಾಗ ಕ್ಯಾತಮ್ಮ ಕುರಿ ಕೂಡುವ ರೊಪ್ಪದಲ್ಲಿದ್ದಳು. ಕುಂಟುತ್ತಿದ್ದ ಒಂದು ಕುರಿಯನ್ನು ಕುಂಡಿಯ ಮೇಲೆ ಕೂರಿಸಿ ಮೊಣಕಾಲಿನ ನಡುವೆ ಹಿಡಿದಿದ್ದಳು. ಎಡಗೈಯಲ್ಲಿ ಕಾಲು. ಬಲಗೈ ಸಂಚಿಗೆ ಹೋಗಿ ಬಂತು, ಅಲಗು ತೆರೆಯಿತು. ಬೆಳೆದ ಗೊರಸನ್ನು ಸುತ್ತ ಕೆತ್ತಿ ಒಳಗಿದ್ದ ಜಾಲಿಮುಳ್ಳನ್ನು ಮೊನೆಯಿಂದ ಎಬ್ಬಿಸಿದಳು. ಕುರಿ ಒದರಲಿಲ್ಲ. ಬಿಟ್ಟಳು. ಅದು ನಾಲ್ಕೂ ಕಾಲು ಊರಿ ಹೋಯಿತು.

ದೊಡ್ಡಪಾಲಯ್ಯ ಬೇಲಿಯ ಆಚೆ ನಿಂತು ನೋಡುತ್ತಿದ್ದ. ಒಳಗೆ ಬಂದು ಇನ್ನೊಂದು ಕುರಿಯನ್ನು ಎಳೆದು ತಂದ. "ಇದರದೂ ಬೆಳೆದೈತೆ," ಎಂದು ತಾನೇ ಕೆಡವಿ ಹಿಡಿದ.

"ಏನ್ ದೊಡ್ಡಪಾಲಣ್ಣ, ಕುರಿ ಕೊಡ್ತೀರೋ, ನನ್ನ ಸುಮ್ನೆ ಬಿಸಿಲಾಗೆ ಒಣಗಿಸ್ತೀರೋ?" ಎಂದ ಪಾಲಾಕ್ಷ.

"ನನ್ನ ಕೇಳಬ್ಯಾಡ್ಲೇ. ಕುರಿ ಅವಳದು."

ಕ್ಯಾತಮ್ಮ ತಲೆ ಎತ್ತಲಿಲ್ಲ. "ಬಕ್ರೀದಿಗೆ ಬಾರಣ್ಣ. ಟಗರು ಕೊಡ್ತೀನಿ. ಹೆಣ್ಣು ಕುರಿ ಮಾರಲ್ಲ."

ಪಾಲಾಕ್ಷ ಬೈಕು ಒದ್ದು ಹೋದ. ಅಡಿಕೆ ಹೋಳು ಮಾಡಲು ಭಾವ ಚಾಕು ಕೇಳಿದ. ಅವಳು ಅದನ್ನು ಮಡಚಿ ನೆಲಕ್ಕಿಟ್ಟಳು. ಅವನು ಎತ್ತಿಕೊಂಡ. ಕೆಲಸ ಮುಗಿಸಿ ಅವನೂ ನೆಲಕ್ಕಿಟ್ಟ.

ಈಗಲೂ ಕ್ಯಾತಮ್ಮ ಬೆಳಿಗ್ಗೆ ರೊಪ್ಪದ ತಡಿಕೆ ತೆಗೆಯುವ ಮುಂಚೆ ಹೊಸಿಲ ಹತ್ತಿರದ ಕಲ್ಲಿನ ಮೇಲೆ ಕೂರುತ್ತಾಳೆ. ಚಾಕುವನ್ನು ಒಂದೇ ಕೈಯಲ್ಲಿ ತೆರೆದು ಮುಚ್ಚಿ ನೋಡುತ್ತಾಳೆ. ಬಿಗಿ ಅನಿಸಿದರೆ ಶೀಶೆಯಿಂದ ಒಂದು ಹನಿ ಬಿಡುತ್ತಾಳೆ. ಕಲ್ಲಿಗೆ ಉಗುಳಿ ಅಲಗು ಮಸೆಯುತ್ತಾಳೆ. ಸೀಬೆಹಣ್ಣಿನ ಕಲೆ ಯಾವತ್ತೋ ಹೋಯಿತು. ಆಮೇಲೆ ಚಾಕುವನ್ನು ಮಡಚಿ ಪಕ್ಕದ ನೆಲಕ್ಕಿಟ್ಟು, ಕಂಬಳಿ ಹೊದ್ದುಕೊಂಡು, ಓಬಳಪ್ಪ ಇಟ್ಟದ್ದೇನೋ ಎಂಬ ಹಾಗೆ ಅಲ್ಲಿಂದ ಎತ್ತಿಕೊಳ್ಳುತ್ತಾಳೆ.