ತ್ಯಾಗರಾಜನಗರದ ಕಲೆಕ್ಟರ್ ಸಾಹೇಬರು

ನನ್ನ ಗಂಡ ಹನುಮಯ್ಯನವರು ಹತ್ತೊಂಬತ್ತು ಸಲ ಸತ್ತಿದ್ದಾರೆ. ಗಾಬರಿಯಾಗಬೇಡಿ, ನಾಟಕದಲ್ಲಿ! ಪ್ರತಿ ಆಗಸ್ಟ್ ಹದಿನೈದಕ್ಕೆ ತ್ಯಾಗರಾಜನಗರದ ನಮ್ಮ ಪಾರ್ಕಿನಲ್ಲಿ ಕಿತ್ತೂರು ದಂಗೆಯ ನಾಟಕ. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ "ಒಳಗ್ ಹೋಗ್ರೀ!" ಎಂದು ಕೂಗಿದ ಗಂಟಲು, ಬ್ರಿಟಿಷ್ ಕಲೆಕ್ಟರನ ಪಾತ್ರಕ್ಕೆ ಇನ್ನಾರು ಸಿಕ್ಕಾರು? ರಾಣಿಯ ದತ್ತುಮಗನಿಗೆ ಪಟ್ಟವಿಲ್ಲ ಎಂದು ಗುಡುಗಿ ಇವರು ಖಜಾನೆಗೆ ಬೀಗ ಜಡಿದರೆ, ಮುಂದಿನ ಸಾಲಿನ ಅಜ್ಜಿಯರು ಚಪ್ಪಲಿಗೆ ಕೈ ಹಾಕುತ್ತಿದ್ದರು. ಇನ್ನೂರು ವರ್ಷದ ಹಿಂದಿನ ಸಿಟ್ಟು, ಇನ್ನೂ ಬಿಸಿ ಆರಿಲ್ಲ.

ಅದರ ಪರಿಣಾಮ ನಮ್ಮ ಮನೆಗೇ ಬಂದು ಕೂತಿತು. ಹೋದ ವರ್ಷ ಮೊದಲ ಸಲ ನಾಟಕ ನೋಡಿದ ಐದು ವರ್ಷದ ಮೊಮ್ಮಗಳು ಅರ್ಪಿತ, ಅಂದಿನಿಂದ ತಾತನ ತೊಡೆ ಹತ್ತಲಿಲ್ಲ. "ತಾತ ಕೆಟ್ಟೋನು. ರಾಣಿಗೆ ಬೈದ." ಚಕ್ಕುಲಿ ಲಂಚ ಕೊಟ್ಟರೆ ಚಕ್ಕುಲಿ ಕಸಿದುಕೊಂಡು ಓಟ! ಇವರು ಅಡುಗೆಮನೆಗೆ ಬಂದು ಅತ್ತೇಬಿಟ್ಟರು.

"ಈ ಸಲ ನಾನು ರಾಣಿ ಕಡೆ ಸಿಪಾಯಿ ಕಣೇ ಸುಧಾಮಣಿ," ಎಂದರು.

ಸರಿ, ಕಲೆಕ್ಟರ್ ಆದದ್ದು ಪಕ್ಕದ ಮನೆಯ ವಿಜಯಕುಮಾರ್. ಅಯ್ಯೋ ಶಿವನೇ, ಇರುವೆಗೂ ದಾರಿ ಬಿಡುವ ಮನುಷ್ಯ! ವೇದಿಕೆಗೆ ಬಂದು ಕೈ ಮುಗಿದು, "ಬೇಜಾರ್ ಮಾಡ್ಕೋಬೇಡಿ ಮೇಡಂ, ಖಜಾನೆ ಸ್ವಲ್ಪ ಸೀಲ್ ಮಾಡ್ತೀವಿ," ಎಂದ. ರಾಣಿಯಾಗಿದ್ದ ಸಂಗೀತಾ ಟೀಚರ್ ಕತ್ತಿ ಇಳಿಸಿ, "ಪರವಾಗಿಲ್ಲ ಸಾರ್," ಎಂದುಬಿಟ್ಟರು. ದಂಗೆಗೆ ಕಾರಣವೇ ಇಲ್ಲ! ಪಾರ್ಕಿಗೆ ಪಾರ್ಕೇ ಬಿದ್ದು ಬಿದ್ದು ನಕ್ಕಿತು.

ಸಿಪಾಯಿ ಹನುಮಯ್ಯನವರ ಮೀಸೆ ಅದುರಿತು. "ಹಂಗಲ್ಲ ಕಣ್ರೀ!" ಎಂದು ವಿಜಯಕುಮಾರನ ಟೋಪಿ ಕಿತ್ತು ತಮ್ಮ ತಲೆಗೇರಿಸಿ, "ದತ್ತೂ ಇಲ್ಲ ಗಿತ್ತೂ ಇಲ್ಲ! ಹಾಕ್ರೋ ಬೀಗ!" ಎಂದು ಅಬ್ಬರಿಸಿದರು. ಮರುಕ್ಷಣ ಮೊಮ್ಮಗಳ ನೆನಪಾಗಿ ಮುಖ ಬಿಳಿಚಿಕೊಂಡಿತು. ನಾನು ಹಣೆ ಹಣೆ ಚಚ್ಚಿಕೊಂಡೆ.

ಅರ್ಪಿತ ಕುರ್ಚಿಯಿಂದ ಜಿಗಿದು ವೇದಿಕೆಗೇ ಓಡಿದಳು. ರಾಣಿಯ ರಟ್ಟಿನ ಕತ್ತಿ ಕಸಿದು ತಾತನ ಹೊಟ್ಟೆಗೆ ತಿವಿದಳು. ಬಿದ್ದರು ನೋಡಿ ಇವರು! ಒದ್ದಾಡಿ, ಹೊರಳಿ, ಎದ್ದು, ಮತ್ತೆ ಬಿದ್ದು, ಪೂರ್ತಿ ಐದು ನಿಮಿಷ ಸತ್ತರು. ಜನ ಶಿಳ್ಳೆ ಹೊಡೆದರು. ಅವಳು ಕತ್ತಿ ಎಸೆದು, ತಾತನ ಎದೆಯ ಮೇಲೆ ಕುಕ್ಕರಿಸಿ ಕೂತು ಕಿಲಕಿಲ ನಕ್ಕಳು.

"ತಾತ, ನಂಗೆ ಕೋಪ ಹೋಯ್ತು. ಏಳು."

ಇವರು ಏಳಲಿಲ್ಲ. ಎದ್ದರೆ ಎಲ್ಲಿ ಇಳಿದುಬಿಡುತ್ತಾಳೋ ಎಂದು ಕಣ್ಣು ಮುಚ್ಚಿಕೊಂಡೇ ಅವಳನ್ನು ಅಪ್ಪಿಕೊಂಡರು. ಪರದೆ ಎಳೆದರು, ಮೈಕಿನವರು ಬೇಡಿಕೊಂಡರು, ಊಹೂಂ. ಕೊನೆಗೆ ರಾಷ್ಟ್ರಗೀತೆ ಶುರುವಾಯಿತು ಅಂತ ಕಲೆಕ್ಟರ್ ಸಾಹೇಬರು ಮೊಮ್ಮಗಳನ್ನು ಎತ್ತಿಕೊಂಡು ಎದ್ದು ನಿಂತರು.