ನಡುಗದವಳು

ಆ ಕಾಲದಲ್ಲಿ ಇಲಿ ಬಿದ್ದರೆ ಊರು ಬಿಡುತ್ತಿದ್ದೆವು. ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. ಯುದ್ಧದ ವರ್ಷಗಳ ಒಂದು ಸುಗ್ಗಿಯಲ್ಲಿ ಪ್ಲೇಗಿಗೆ ಹೆದರಿ ನಮ್ಮೂರೆಲ್ಲ ನಲ್ಲೂರಿನ ಹುಣಸೆ ತೋಪಿನ ಆಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಹಸಿ ಸೋಗೆಯ ವಾಸನೆ, ಮೂರು ಹೊತ್ತೂ ಅವರೆಕಾಳಿನ ಸಾರು, ಉಪ್ಪು ಹಚ್ಚಿದ ದೋರೆ ಹುಣಸೆ. ಮಕ್ಕಳಿಗೆ ಹಬ್ಬವೇ.

ಶಾಲೆ ಮುಚ್ಚಿತ್ತು. ಮೇಷ್ಟ್ರಾಗಿದ್ದ ಚಿಕ್ಕಪ್ಪ ನನಗೂ ತಮ್ಮ ಮಗಳು ನಂಜಿಗೂ ಮರದಡಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಸುತ್ತ ಎಲ್ಲರೂ ಹೆದರಿದ್ದಕ್ಕೋ ಏನೋ, ಧೈರ್ಯದ ಪದಗಳನ್ನೇ ಆರಿಸುತ್ತಿದ್ದರು.

"ಕರೇಜ್ ಹುಟ್ಟಿದ್ದು ಲ್ಯಾಟಿನ್ನಲ್ಲಿ ಹೃದಯ ಅನ್ನೋ ಪದದಿಂದ ಕಣಮ್ಮಾ. ನಾವು ಎದೆಗಾರಿಕೆ ಅನ್ನಲ್ವಾ, ಹಂಗೇ. ಡಾಂಟ್‌ಲೆಸ್ ಅಂದ್ರೆ ಪಳಗಿಸೋಕಾಗದವನು. ಇಂಟ್ರೆಪಿಡ್ ಅಂದ್ರೆ ನಡುಗದವನು."

"ನಡುಗದವಳು ಅಂತಾನೂ ಆಗುತ್ತಾ ಅಪ್ಪಾ?" ಎಂದಳು ನಂಜಿ.

"ಅವರ ಭಾಷೇಲಿ ಇಬ್ರಿಗೂ ಒಂದೇ."

ಅವಳು ದಿನವೆಲ್ಲ ಅದನ್ನೇ ಜಪಿಸಿದಳು. ನನಗೆ ಉರಿಯಿತು. ಮರುದಿನ ಮಧ್ಯಾಹ್ನ ಅವಳನ್ನು ಊರಬಾಗಿಲಿಗೆ ಕರೆದೊಯ್ದೆ. ಯಾರೂ ಒಳಹೋಗದಂತೆ ಅಲ್ಲಿ ಮುಳ್ಳು ಹಾಕಿದ್ದರು.

"ಲೇ ನಂಜಿ, ನೀನು ಇಂಟ್ರೆಪಿಡ್ಡೋ ಬರೀ ಬಾಯೋ? ನಮ್ಮನೆ ಹಿತ್ತಿಲ ಗೂಡಲ್ಲಿ ಆಟದ ಗಜ್ಜುಗ ಬಿಟ್ಟು ಬಂದಿದೀನಿ, ತಾ ನೋಡಾನ."

"ನೀನೂ ಬಾ ಅಕ್ಕಾ."

"ಹೆದರಿಕೆಯಾ?"

ಲಂಗ ಎತ್ತಿ ಕಟ್ಟಿ ಮುಳ್ಳು ದಾಟಿದಳು. ಬೀದಿಯ ಬಾಗಿಲುಗಳಿಗೆಲ್ಲ ಬೀಗ. ಒಂದು ಕಾಗೆಯೂ ಇಲ್ಲ. ಅವಳ ಹೆಜ್ಜೆಯ ಸದ್ದು ದೂರವಾಗುತ್ತ ನಿಂತೇಹೋಯಿತು. ನಾನು ಆಚೆಯೇ ನಿಂತಿದ್ದೆ.

ಗಜ್ಜುಗ ಮುಷ್ಟಿಯಲ್ಲಿ ಹಿಡಿದು ನಗುತ್ತ ಬಂದಳು. "ಒರಳಿನ ಹತ್ರ ಇಲಿ ಬಿದ್ದಿತ್ತು ಅಕ್ಕಾ. ಬಾಲ ಹಿಡ್ದು ಎಸ್ದ್ಬಿಟ್ಟೆ!"

ಮೂರನೆಯ ದಿನ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಅವಳನ್ನು ದೂರದ ಗುಡಿಸಲಿನಲ್ಲಿ ಮಲಗಿಸಿದರು. ಅವಳ ನಡುಕಕ್ಕೆ ಈಚಲ ಚಾಪೆ ಸರಸರ ಎನ್ನುವುದು ನನಗೆ ಹೊರಗೆ ಕೇಳುತ್ತಿತ್ತು.

"ಚಳಿ ಕಣಕ್ಕಾ," ಒಳಗಿನಿಂದ ಕೂಗಿದಳು. "ಹೆದರಿಕೆ ಅಲ್ಲ."

ಊರಲ್ಲೇ ಬಿಟ್ಟುಬಂದಿದ್ದ ಗಜ್ಜುಗ ಅವಳ ಮುಷ್ಟಿಯಲ್ಲಿ ಕಂಡು ಚಿಕ್ಕಪ್ಪ ಕೇಳಿದರು. "ಊರೊಳಕ್ಕೆ ಹೋಗಿದ್ಯಾ? ಯಾರಮ್ಮಾ ಕಳಿಸಿದ್ದು?"

"ಯಾರೂ ಇಲ್ಲ. ನಾನೇ ಹೋದೆ."

ಬಾಗಿಲಲ್ಲಿದ್ದ ನಾನು ಬಾಯಿ ಬಿಡಲಿಲ್ಲ. ಬೆಳಗಾಗುವಷ್ಟರಲ್ಲಿ ಚಾಪೆ ಸುಮ್ಮನಾಗಿತ್ತು.

ಚಿಕ್ಕಪ್ಪ ಬಹಳ ವರ್ಷ ಬದುಕಿದರು. ಕಣ್ಣು ಮಂಜಾದ ಮೇಲೆ ಒಮ್ಮೆ ನನ್ನ ಕೈ ಹಿಡಿದು, "ಅವಳು ಯಾಕೆ ಹೋದ್ಲು ಅಂತ ನಿನಗೇನಾದ್ರೂ ಗೊತ್ತಾ ಮಗಾ?" ಎಂದರು. "ಇಲ್ಲ ಚಿಕ್ಕಪ್ಪ" ಎಂದೆ. ಆಗ ನನಗೆ ಮೊಮ್ಮಕ್ಕಳಿದ್ದರು.

ಈಗ ಆ ರೋಗವಿಲ್ಲ, ಊರು ಬಿಡುವವರಿಲ್ಲ. ಹೇಳಿಬಿಡೋಣವೆಂದು ನಾಲಿಗೆ ತುದಿಗೆ ಬರುತ್ತದೆ. ಕೇಳಬೇಕಾದವರು ಯಾರೂ ಉಳಿದಿಲ್ಲ.